ಸಾಕ್ಷಿಗೆ ನಿಂತ ಬಾಯಿ

ಮರ್ಕಂಜದ ಪದ್ಮಯ್ಯನ ಬಾಯಿ ಸಾರ್ವಜನಿಕ ಆಸ್ತಿಯಾದದ್ದು ಸುಳ್ಯದ ಒಂದು ಸಭೆಯಲ್ಲಿ. ಅದಕ್ಕೆ ಮೊದಲು ಅದು ಎಲ್ಲರ ಬಾಯಿಯ ಹಾಗೆ ಗಂಜಿ ಉಣ್ಣುವುದಕ್ಕೆ, ಹೆಂಡತಿಗೆ ಉತ್ತರ ಕೊಡದೆ ಮುಚ್ಚಿಕೊಂಡಿರುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು.

ಸಭೆ ಕರೆದದ್ದು ಅಡಿಕೆ ಗೌರವ ರಕ್ಷಣಾ ವೇದಿಕೆ. ಎಲ್ಲೋ ದೂರ ದೇಶದಲ್ಲಿ ಕೂತ ವಿಜ್ಞಾನಿಗಳು ಅಡಿಕೆ ಜಗಿದರೆ ಬಾಯಿಗೆ ಕೇಡು ಎಂದು ಮತ್ತೊಮ್ಮೆ ಹೇಳಿದ್ದರು, ಅದು ಪೇಪರಿನಲ್ಲಿ ಬಂದಿತ್ತು, ಪೇಪರಿನಲ್ಲಿ ಬಂದದ್ದರಿಂದ ಊರಿಗೆ ಸಿಟ್ಟು ಬಂದಿತ್ತು. ವೇದಿಕೆಯ ಅಧ್ಯಕ್ಷ ಮಶೂದ್ ಪುತ್ತೂರಿನಲ್ಲಿ ಅಡಿಕೆ ವ್ಯಾಪಾರ ಮಾಡುವವನು. ಒಳ್ಳೆಯ ಮನುಷ್ಯ, ಆದರೆ ಮೈಕ್ ಸಿಕ್ಕಿದರೆ ಬಿಡುವವನಲ್ಲ. ಅವನು ಖಂಡನಾ ನಿರ್ಣಯ ಓದುತ್ತ ಹೋದ ಹಾಗೆ ಸಭೆ ಆಕಳಿಸುತ್ತ ಹೋಯಿತು. ಆಗ ನಡುವಿನ ಸಾಲಿನಿಂದ ಪದ್ಮಯ್ಯ ಎದ್ದ. ಯಾಕೆ ಎದ್ದ ಎಂಬುದು ಅವನಿಗೇ ಇವತ್ತಿಗೂ ಗೊತ್ತಿಲ್ಲ. ನೀರು ಕುಡಿಯುವುದಕ್ಕೆ ಎದ್ದದ್ದು ಎಂದು ಅವನ ಹೆಂಡತಿ ಪೂವಮ್ಮ ಹೇಳುತ್ತಾಳೆ. ಏನೇ ಇರಲಿ, ಎದ್ದವನನ್ನು ಎಲ್ಲರೂ ತಿರುಗಿ ನೋಡಿದರು, ಯಾರೋ ಮೈಕ್ ತಂದು ಕೈಗೆ ಕೊಟ್ಟರು. ಪದ್ಮಯ್ಯ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ನಲವತ್ತು ವರ್ಷದಿಂದ ತಿನ್ನುದು ನಾನು. ಎಂತ ಆಗಿದೆ ನೋಡಿ ಬೇಕಾದ್ರೆ" ಎಂದು ಬಾಯಿ ತೆರೆದ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುದಿನ ವೇದಿಕೆಯ ವಾಟ್ಸಾಪ್ ಗುಂಪಿನ ಚಿತ್ರವಾಗಿ ಮೊದಲು ಇದ್ದ ಅಡಿಕೆ ಗೊನೆ ಹೋಗಿ ಪದ್ಮಯ್ಯನ ತೆರೆದ ಬಾಯಿ ಬಂತು. ಮದುವೆ ಮನೆಗಳಲ್ಲಿ ಜನ ಅವನನ್ನು ಮೂಲೆಗೆ ಕರೆದು, ಒಮ್ಮೆ ಬಾಯಿ ತೋರಿಸಿ ಮಾರಾಯ್ರೆ ಎಂದು ಕೇಳಿ, ನೋಡಿ, ನೆಮ್ಮದಿಯಿಂದ ತಾವೂ ಒಂದು ವೀಳ್ಯ ಹಾಕಿಕೊಳ್ಳುತ್ತಿದ್ದರು.

ಇದರಲ್ಲಿ ಒಂದೇ ಒಂದು ಸಣ್ಣ ತೊಂದರೆ ಇತ್ತು. ಪದ್ಮಯ್ಯ ಅಡಿಕೆ ತಿನ್ನುತ್ತಿರಲಿಲ್ಲ.

ಅವನಿಗೆ ಅಡಿಕೆ ಸೊಕ್ಕುತ್ತಿತ್ತು. ಕೆಲವರಿಗೆ ಕೆಲವು ಅಡಿಕೆ ಬಾಯಿಗೆ ಬಿದ್ದರೆ ಕಿವಿ ಬಿಸಿಯಾಗಿ, ಎದೆ ಕಟ್ಟಿ, ಬೆವರಿಳಿದು ಕಣ್ಣು ಕತ್ತಲೆ ಬರುತ್ತದೆ. ಸೊಕ್ಕುವುದೆಂದರೆ ಅದು. ಪದ್ಮಯ್ಯನಿಗೆ ಯಾವ ತೋಟದ ಯಾವ ಅಡಿಕೆಯಾದರೂ ಸೊಕ್ಕುತ್ತಿತ್ತು. ಇದು ಗೊತ್ತಾದದ್ದು ಅವನ ಮದುವೆ ನಿಶ್ಚಯದ ವೀಳ್ಯಶಾಸ್ತ್ರದ ದಿನ. ಭಾವೀ ಮಾವ ಪ್ರೀತಿಯಿಂದ ಕೈಯಾರೆ ಕೊಟ್ಟ ವೀಳ್ಯ ಜಗಿದು, ಅವರ ತೊಡೆಯ ಮೇಲೆಯೇ ಉರುಳಿಬಿದ್ದ. ಹುಡುಗನಿಗೆ ಮೂರ್ಛೆ ರೋಗ ಉಂಟು ಎಂದು ಹೆಣ್ಣಿನ ಕಡೆಯವರು ಎದ್ದೇಬಿಟ್ಟಿದ್ದರು. ಒಳಗಿದ್ದ ಪೂವಮ್ಮ, ರೋಗ ಅಲ್ಲ ಸೊಕ್ಕಿದ್ದು ಎಂದು ಹೇಳಿ ಬೆಲ್ಲದ ನೀರು ಕಳಿಸಿದ್ದರಿಂದ ಸಂಬಂಧ ಉಳಿಯಿತು. ಅದನ್ನು ಕಂಡ ಹಿರಿಯರು ಯಾರೂ ಈಗ ಇಲ್ಲ.

ಅಡಿಕೆ ಬೆಳೆದು ಬದುಕುವವನಿಗೆ ಅಡಿಕೆ ಸೊಕ್ಕುವುದೆಂದರೆ ಮೀನು ಮಾರುವವನಿಗೆ ಮೀನಿನ ವಾಸನೆ ಆಗದ ಹಾಗೆ. ಹೊರಗೆ ಹೇಳಿಕೊಳ್ಳುವಂತಿಲ್ಲ. ಯಾರ ಮನೆಗೆ ಹೋದರೂ ಮೊದಲು ಮುಂದೆ ಬರುವುದೇ ವೀಳ್ಯದ ತಟ್ಟೆ, ಬೇಡ ಎಂದರೆ ಆ ಮನೆಯ ಚಾಪೆಯಲ್ಲಿ ಕೂರುವುದಿಲ್ಲ ಎಂದ ಹಾಗಾಗುತ್ತದೆ. ಆದ್ದರಿಂದ ಪದ್ಮಯ್ಯ ಒಂದು ಉಪಾಯ ಮಾಡಿಕೊಂಡಿದ್ದ. ಎಲೆಯ ಒಳಗೆ ಅಡಿಕೆಯ ಬದಲು ಒಣಗಿಸಿದ ಪುನರ್ಪುಳಿ ಸಿಪ್ಪೆಯ ಚೂರು ಇಡುವುದು. ಶರಬತ್ತಿಗೆ ಹಾಕುವ ಅದೇ ಹುಳಿ ಹಣ್ಣು. ಬಾಯಿ ಕೆಂಪಾಗುತ್ತದೆ, ಉಗುಳಿದರೂ ಕೆಂಪು, ನೋಡುವವರಿಗೆ ಅಷ್ಟು ಸಾಕು. ತಟ್ಟೆಯಿಂದ ತೆಗೆದ ಅಡಿಕೆ ಹೋಳು ಮೆಲ್ಲಗೆ ಅಂಗಿಯ ಕಿಸೆಗೆ ಇಳಿಯುತ್ತಿತ್ತು. ಬಟ್ಟೆ ಒಗೆಯುವಾಗ ಕಿಸೆಯಿಂದ ಉದುರಿದ ಹೋಳುಗಳನ್ನು ಪೂವಮ್ಮ ಬಿಸಿಲಿಗೆ ಹಾಕಿ ಮಾರಿದ್ದೂ ಉಂಟು.

ಹೀಗೆ ನಡೆದುಕೊಂಡು ಹೋಗುತ್ತಿತ್ತು, ಹೋಗುತ್ತಲೂ ಇರುತ್ತಿತ್ತು. ಆದರೆ ಒಂದು ದಿನ ಕಡಬದಿಂದ ಬಸ್ಸು ಬದಲಿಸಿ ಬದಲಿಸಿ ಲೀಲಾಮ್ಮ ಬಂದು ಮೆಟ್ಟಿಲಲ್ಲಿ ಕೂತಳು.

ಲೀಲಾಮ್ಮ ಟೋಮಿಯ ಹೆಂಡತಿ. ಟೋಮಿಯ ಅಪ್ಪ ಕೇರಳದಿಂದ ಬಂದು ಕಡಬದ ಆಚೆ ಗುಡ್ಡ ಕಡಿದು ರಬ್ಬರ್ ಹಾಕಿದವನು, ಟೋಮಿ ಅದರ ಕೆಳಗೆ ಅಡಿಕೆಯನ್ನೂ ಮಾಡಿದ್ದ. ಪದ್ಮಯ್ಯನಿಗೂ ಟೋಮಿಗೂ ಹರೆಯದ ಕಾಲದ ಸ್ನೇಹ. ಪುತ್ತೂರು ಸಂತೆಯ ದಿನ ಮಶೂದನ ಅಂಗಡಿಯಲ್ಲಿ ಗೋಣಿಚೀಲದ ಮೇಲೆ ಎದುರುಬದುರು ಕೂತು ಇಬ್ಬರೂ ಜಗಿಯುತ್ತಿದ್ದರು, ಟೋಮಿ ನಿಜವಾದದ್ದನ್ನು, ಪದ್ಮಯ್ಯ ಪುನರ್ಪುಳಿಯನ್ನು. ಟೋಮಿಯ ಕೆನ್ನೆ ಖಾಲಿ ಇದ್ದದ್ದನ್ನು ಕಂಡವರೇ ಇಲ್ಲ.

ಲೀಲಾಮ್ಮ ಹೇಳಿದ್ದು ಇಷ್ಟು. ಟೋಮಿಯ ಬಾಯಿ ಈಗ ತೆರೆಯುವುದಿಲ್ಲ. ಅನ್ನದ ತುತ್ತು ಹೋಗುವುದಿಲ್ಲ, ಗಂಜಿ ಕುಡಿದು ದಿನ ಕಳೆಯುತ್ತಾನೆ. ಮೀನಿನ ಸಾರು ನಾಲಿಗೆಗೆ ತಾಗಿದರೆ ಬೆಂಕಿ ಬಿದ್ದ ಹಾಗೆ ಹಾರುತ್ತಾನೆ. ಕಳೆದ ಭಾನುವಾರ ಇಗರ್ಜಿಯಲ್ಲಿ ಫಾದರ್ ಪರಮ ಪ್ರಸಾದ ಇಡಲು ಬಂದರೆ ಅದು ಹಲ್ಲಿಗೆ ತಾಗಿ ನಿಂತಿತಂತೆ, ಮತ್ತೆ ಓರೆ ಮಾಡಿ ತೂರಿಸಬೇಕಾಯಿತಂತೆ. ಡಾಕ್ಟರಲ್ಲಿಗೆ ಬಾ ಎಂದರೆ, ಪದ್ಮಯ್ಯ ನನಗಿಂತ ಮೊದಲಿಂದ ತಿನ್ನುವವ, ಅವನಿಗೆ ಆಗದ್ದು ನನಗೆ ಎಂತ ಆಗುದು ಎನ್ನುತ್ತಾನೆ.

"ನಿಮ್ಮ ಬಾಯಿ ನೋಡಿಯೇ ಅವರು ಧೈರ್ಯದಲ್ಲಿ ಇರುದು," ಎಂದಳು ಲೀಲಾಮ್ಮ. "ನೀವೇ ಹೇಳ್ಬೇಕು. ಬೇರೆ ಯಾರ ಮಾತೂ ಅವರಿಗೆ ನಾಟುದಿಲ್ಲ."

ಪೂವಮ್ಮ ಗಂಡನ ಮುಖ ನೋಡಿದಳು. ಗಂಡ ಅಂಗಳದ ಕೋಳಿಯನ್ನು ನೋಡಿದ.

ಲೀಲಾಮ್ಮನ ಎದುರೇ ಪದ್ಮಯ್ಯ ಟೋಮಿಗೆ ಫೋನು ಮಾಡಿ, ಒಮ್ಮೆ ತೋರಿಸಿ ಬಾ ಎಂದ. ಟೋಮಿಯ ಮಾತು ಈಚೆಗೆ ಹಲ್ಲಿನ ಸಂದಿನಿಂದ ಬರುತ್ತಿತ್ತು. ಬಂದ ಮಾತು ಮಾತ್ರ ಗಟ್ಟಿಯಾಗಿತ್ತು. ಕಡಬಕ್ಕೆ ಹೊಸ ಹಲ್ಲಿನ ಡಾಕ್ಟರು ಬಂದಿದ್ದಾರಲ್ಲ, ಅಲ್ಲಿಗೆ ಇಬ್ಬರೂ ಹೋಗುವ, ಮೊದಲು ನೀನು ಕೂರಬೇಕು ಎಂದ. "ನಿನ್ನ ಬಾಯಲ್ಲಿ ಅಡಿಕೆಯಿಂದ ಎಂತಾದ್ರೂ ಆಗಿದೆ ಅಂತ ಅವರು ಹೇಳಿದ್ರೆ ನಾನು ಕೂರ್ತೇನೆ. ಎಂತ ಇಲ್ಲಾಂತ ಹೇಳಿದ್ರೆ ಲೀಲಾಮ್ಮ ಇನ್ನು ಸಾಯುವವರೆಗೆ ಈ ವಿಷಯ ಎತ್ತಬಾರ್ದು."

ಲೀಲಾಮ್ಮ ಒಪ್ಪಿದಳು. ನಲವತ್ತು ವರ್ಷ ತಿಂದ ಬಾಯಲ್ಲಿ ಏನೂ ಇಲ್ಲದೆ ಇರುತ್ತದೆಯೇ ಎಂಬ ಭರವಸೆ ಪಾಪ ಅವಳಿಗೆ. ಅವಳು ಹೋದ ಮೇಲೆ ಪದ್ಮಯ್ಯನಿಗೆ ವಿಷಯ ಪೂರ್ತಿ ತಲೆಗೆ ಹೋಯಿತು. ಅವನ ಬಾಯಿ ಸ್ವಚ್ಛ ಎಂದಾದರೆ ಟೋಮಿ ಎದ್ದು ಮನೆಗೆ ಹೋಗುತ್ತಾನೆ, ಬಾಯಿಯ ರೋಗವೂ ಜೊತೆಗೆ ಹೋಗುತ್ತದೆ. ಅಡಿಕೆ ತಿನ್ನುವ ಬಾಯಿಯೇ ಅಲ್ಲ ಎಂದಾದರೆ ಪದ್ಮಯ್ಯ ಇನ್ನು ಸುಳ್ಯದಲ್ಲಿ ಮುಖ ತೋರಿಸುವಂತಿಲ್ಲ. ಅಷ್ಟರಲ್ಲಿ ಟೋಮಿ ಮಶೂದನಿಗೆ ಹೇಳಿ, ಮಶೂದ್ ಗುಂಪಿನಲ್ಲಿ ಹಾಕಿ, ಶನಿವಾರ ಬೆಳಿಗ್ಗೆ ಕಡಬದಲ್ಲಿ ಪದ್ಮಯ್ಯನವರ ಬಾಯಿಯ ವೈಜ್ಞಾನಿಕ ಪರೀಕ್ಷೆ ನೇರ ಪ್ರಸಾರದಲ್ಲಿ ನಡೆಯಲಿದೆ ಎಂದು ಪ್ರಕಟವೂ ಆಯಿತು.

ಟೋಮಿಗೆ ಫೋನು ಮಾಡಿ ಸತ್ಯ ಹೇಳಿಬಿಡಿ ಎಂದಳು ಪೂವಮ್ಮ. ಇಂಥದ್ದೆಲ್ಲ ಫೋನಿನಲ್ಲಿ ಹೇಳುವುದಲ್ಲ ಎಂದು ಪದ್ಮಯ್ಯ ದೊಡ್ಡಸ್ತಿಕೆಯಿಂದ ಹೇಳಿದ. ಎದುರು ಕೂತಾಗಲೂ ಹೇಳಿದ್ದಿಲ್ಲವಲ್ಲ ಎಂದಳು ಅವಳು. ಪದ್ಮಯ್ಯ ತನ್ನದೇ ದಾರಿ ಹಿಡಿದ. ಡಾಕ್ಟರು ನೋಡಿದ ಕೂಡಲೇ ಇದು ಅಡಿಕೆಯಿಂದ ಹಾಳಾದ ಬಾಯಿ ಎನ್ನಬೇಕು, ಟೋಮಿ ಕೂರಬೇಕು, ಮಾನವೂ ಉಳಿಯಬೇಕು. ಆದ್ದರಿಂದ ಎರಡು ದಿನ ಹಲ್ಲುಜ್ಜಲಿಲ್ಲ. ಎಲೆಗೆ ಹಾಕುವ ಕಂದು ಕಾಚನ್ನು ನೀರಿನಲ್ಲಿ ಅರೆದು ಕೆನ್ನೆಯ ಒಳಗೆ ತಿಕ್ಕಿದ. ನಾಲಿಗೆಯಡಿಗೆ ಸುಣ್ಣ ಇಟ್ಟುಕೊಂಡು ಬೊಬ್ಬೆ ಹೊಡೆದ. ಊರಿನವರೆಲ್ಲ ಬಾಯಿ ತೊಳೆದುಕೊಂಡು ಹಲ್ಲಿನ ಡಾಕ್ಟರಲ್ಲಿಗೆ ಹೋಗುತ್ತಾರೆ, ನನ್ನ ಗಂಡ ಮಾತ್ರ ಬಾಯಿಗೆ ಬಣ್ಣ ಹೊಡೆದುಕೊಂಡು ಹೋಗುತ್ತಾನೆ ಎಂದು ಪೂವಮ್ಮ ಬಾವಿಕಟ್ಟೆಯಲ್ಲಿ ನಿಂತು ಹೇಳಿದ್ದು ನೆರೆಮನೆಗೂ ಕೇಳಿಸಿತು.

ಡಾಕ್ಟರ ಹೆಸರು ನವ್ಯಾ, ಗುತ್ತಿಗಾರಿನ ಹುಡುಗಿ. ಕಡಬ ಪೇಟೆಯಲ್ಲಿ ಒಂದು ಹೋಟೆಲಿನ ಮಾಳಿಗೆಯಲ್ಲಿ ಕ್ಲಿನಿಕ್. ಅರ್ಧಂಬರ್ಧ ಕೆಲಸ ಅವರಿಗೆ ಆಗುವುದಿಲ್ಲ ಎಂದು ಕಡಬ ಈಗಾಗಲೇ ಮಾತಾಡುತ್ತಿತ್ತು. ಬ್ಯಾಂಕಿಗೆ ಯಾವ ಮೆಟ್ಟಿಲು ಎಂದು ಕೇಳಲು ಒಳಗೆ ಹೋದವನೊಬ್ಬನ ದವಡೆ ಹಲ್ಲುಗಳನ್ನೆಲ್ಲ ಪರೀಕ್ಷಿಸಿ ಕಳಿಸಿದ್ದಾರೆ ಎಂದು ಸುದ್ದಿ. ಶನಿವಾರ ಅವರ ಸಣ್ಣ ಕೋಣೆಯಲ್ಲಿ ಪದ್ಮಯ್ಯ, ಪೂವಮ್ಮ, ಟೋಮಿ, ಲೀಲಾಮ್ಮ, ಫೋನು ಎತ್ತಿ ಹಿಡಿದ ಮಶೂದ್. ರೋಗಿಯ ಒಪ್ಪಿಗೆ ಉಂಟಾ ಎಂದು ಡಾಕ್ಟರು ಕೇಳಿದರು. ವೇದಿಕೆಯ ಒಪ್ಪಿಗೆ ಉಂಟು ಎಂದ ಮಶೂದ್. ಡಾಕ್ಟರು ಪದ್ಮಯ್ಯನ ಕಡೆಗೆ ತಿರುಗಿದರು. ಎಲ್ಲರ ಕಣ್ಣು ತನ್ನ ಮೇಲೆ ಇರುವಾಗ ಪದ್ಮಯ್ಯ ಇಲ್ಲ ಎಂದದ್ದು ಜೀವಮಾನದಲ್ಲಿ ಇಲ್ಲ. ತಲೆಯಾಡಿಸಿ ಕುರ್ಚಿ ಹತ್ತಿ ಮಲಗಿದ. ಕುರ್ಚಿ ತಾನಾಗಿ ಹಿಂದಕ್ಕೆ ಬಾಗಿತು, ಕಾಲು ಮೇಲೆ, ತಲೆ ಕೆಳಗೆ, ಕಣ್ಣಿಗೆ ನೇರ ದೀಪ.

"ಎಲೆ ಅಡಿಕೆ ಅಭ್ಯಾಸ ಉಂಟಾ?" ಎಂದು ಡಾಕ್ಟರು ಕೇಳಿದರು.

"ಉಂಟಾ ಅಂತ ಕೇಳುದಾ ಮೇಡಂ," ಎಂದ ಮಶೂದ್, "ಇವರು ಪದ್ಮಯ್ಯ."

ಡಾಕ್ಟರು ಬಾಯಿಗೆ ಕೈ ಹಾಕಲೇ ಇಲ್ಲ. ಮೊದಲು ಕುತ್ತಿಗೆ. ಗದ್ದದಡಿಯಿಂದ ಕಿವಿಯವರೆಗೆ ಬೆರಳ ತುದಿಯಿಂದ ಒತ್ತಿ ಒತ್ತಿ ಗಂಟು ಹುಡುಕಿದರು. ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆಯಿರಿ, ಮುಚ್ಚಿ, ದವಡೆ ಆಚೆ ತಳ್ಳಿ, ಈಚೆ ತಳ್ಳಿ ಎಂದರು. ಇಷ್ಟಾದರೂ ಒಂದು ಹಲ್ಲನ್ನೂ ನೋಡಿರಲಿಲ್ಲ. ಪ್ರತಿ ಸಲ ಅವರು "ಹೂಂ" ಎಂದಾಗಲೂ ಮಶೂದ್ ಅದನ್ನು ಗುಂಪಿಗೆ ಗಟ್ಟಿಯಾಗಿ ತಿಳಿಸುತ್ತಿದ್ದ.

ಆಮೇಲೆ ಪದ್ಮಯ್ಯನಿಗೆ ಅವನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಲು ಹೇಳಿದರು. ಮೂರೂ ಹೋದವು, ಇನ್ನೊಂದಕ್ಕೂ ಜಾಗ ಇತ್ತು. ಬಾಯಿ ಸರಿಯಾಗಿ ತೆರೆಯುತ್ತದೆ ಎಂದರು ಡಾಕ್ಟರು. ಬೆಂಚಿನ ಕೊನೆಯಲ್ಲಿ ಕೂತಿದ್ದ ಟೋಮಿ ಯಾರೂ ನೋಡುತ್ತಿಲ್ಲ ಎಂದುಕೊಂಡು ತನ್ನ ಬೆರಳನ್ನು ಬಾಯಿಗೆ ತಂದ. ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ಅವನು ಮೆಲ್ಲಗೆ ಕೈ ಇಳಿಸಿ ಉಟ್ಟ ಮುಂಡಿಗೆ ಒರೆಸಿಕೊಂಡ. ಲೀಲಾಮ್ಮ ನೋಡಿದಳು, ತಲೆ ಕೆಳಗಾಗಿ ಮಲಗಿದ್ದ ಪದ್ಮಯ್ಯನೂ ನೋಡಿದ.

ಈಗ ಕನ್ನಡಿ ಒಳಗೆ ಹೋಯಿತು. ಕೆನ್ನೆಯನ್ನು ಎಳೆದು ಹಿಡಿದು ಡಾಕ್ಟರು ಬಹಳ ಹೊತ್ತು ನೋಡಿದರು. ಪದ್ಮಯ್ಯನಿಗೆ ಆಸೆ ಹುಟ್ಟಿತು, ಕಾಚು ಹಿಡಿದಿದೆ ಎಂದುಕೊಂಡ. ಡಾಕ್ಟರು ಹತ್ತಿಬಟ್ಟೆ ತೆಗೆದು ಒಮ್ಮೆ ಉಜ್ಜಿದರು. ಬಟ್ಟೆ ಕಂದಾಯಿತು, ಕೆನ್ನೆ ತಿಳಿಗುಲಾಬಿಯಾಯಿತು.

"ಇದೆಂತ ಬಣ್ಣ, ಒರೆಸಿದ್ರೆ ಹೋಗ್ತದಲ್ಲ?"

ಕೇಳುತ್ತಲೇ ಅವರು ಪದ್ಮಯ್ಯನ ನಾಲಿಗೆಯನ್ನು ಬಟ್ಟೆಯಿಂದ ಹಿಡಿದು ಹೊರಗೆಳೆದು, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಅಡಿಗೆ ಇಣುಕುತ್ತಿದ್ದರು. ನಾಲಿಗೆ ಇನ್ನೊಬ್ಬರ ಕೈಯಲ್ಲಿ ಇರುವಾಗ ಮನುಷ್ಯ ಮಾಡುವುದಾದರೂ ಏನು. ಆಮೇಲೆ ಮೊನಚು ಕಡ್ಡಿಯಿಂದ ಒಂದೊಂದು ಹಲ್ಲಿನ ಬುಡವನ್ನೂ ಚುಚ್ಚಿ ಅಳೆದರು. ಆಮೇಲೆ ಒಂದು ಕೊಳವೆಯಿಂದ ಹಲ್ಲುಗಳಿಗೆ ಗಾಳಿ ಬಿಟ್ಟರು. ಆ ಗಾಳಿ ತಾಗಿದ್ದೇ ತಡ, ಪದ್ಮಯ್ಯ ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದ. ಅವನ ಹಿಮ್ಮಡಿ ತಗುಲಿ ಸಾಮಾನಿನ ತಟ್ಟೆ ಮಶೂದನ ಕಾಲ ಮೇಲೆ ಬಿತ್ತು. ಡಾಕ್ಟರ ಹುಬ್ಬು ಗಂಟಾಯಿತು. ಮತ್ತೊಂದು ಹಲ್ಲಿಗೆ ಬಿಟ್ಟರು, ಮತ್ತೆ ಹಾರಿದ. ಎಕ್ಸ್-ರೇ ತೆಗೆದರು, ಪರದೆಯಲ್ಲಿ ನೋಡಿದರು, ತಿರುಗಿ ಬಂದು ಮತ್ತೆ ಕೆನ್ನೆ ಎಳೆದು ನೋಡಿದರು. ಕೆಳಗೆ ಹೋಟೆಲಿನಲ್ಲಿ ದೋಸೆ ಹೊಯ್ಯುವ ಸದ್ದು ಮೇಲಿನವರೆಗೆ ಬರುತ್ತಿತ್ತು.

ಕೊನೆಗೆ ಡಾಕ್ಟರು ದೀಪ ಆರಿಸಿದರು.

"ಅಡಿಕೆ ತಿನ್ನುವವರ ಬಾಯಿ ನಾನು ದಿನಾ ನೋಡ್ತೇನೆ. ಇವರ ಕೆನ್ನೆಯಲ್ಲಿ ಅಡಿಕೆಯದ್ದು ಅಂತ ಒಂದು ಗುರುತೂ ಇಲ್ಲ. ಚಿಕ್ಕ ಮಕ್ಕಳ ಕೆನ್ನೆಯ ಹಾಗೆ ಉಂಟು."

ಮಶೂದ್ ಫೋನನ್ನು ತನ್ನ ಕಡೆಗೆ ತಿರುಗಿಸಿ, ಕೇಳಿದಿರಲ್ಲ ಬೆಳೆಗಾರ ಬಂಧುಗಳೇ ಎಂದು ಭಾಷಣ ಶುರು ಮಾಡಿದ. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸುರಿದವು. ಲೀಲಾಮ್ಮನ ಮುಖದಲ್ಲಿ ರಕ್ತ ಇರಲಿಲ್ಲ. ಟೋಮಿ ಎದ್ದು ನಿಂತು, ತುಟಿ ಮಾತ್ರ ಅಗಲಿಸಿ ನಕ್ಕು, ಹೆಂಡತಿಯ ಭುಜ ತಟ್ಟಿ, ಆಯ್ತಲ್ಲ ಇನ್ನು ಹೋಗುವ ಎಂದು ಬಾಗಿಲ ಕಡೆಗೆ ನಡೆದ.

ನಾನಿನ್ನೂ ಮುಗಿಸಿಲ್ಲ ಎಂದರು ಡಾಕ್ಟರು. ಇವರ ಹಲ್ಲಿನ ಮೇಲಿನ ಪದರ ಕರಗಿ ಹೋಗಿದೆ, ಅದಕ್ಕೇ ಗಾಳಿ ತಾಗಿದರೆ ಹಾರುವುದು, ಇದು ಹುಳಿಯ ಕೆಲಸ, ದಿನವಿಡೀ ಯಾವುದೋ ಹುಳಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡವರಿಗೆ ಹೀಗಾಗುವುದು ಎಂದು ವಿವರಿಸಿ, ಎಂತದ್ದು ಅದು ಎಂದು ಪದ್ಮಯ್ಯನನ್ನೇ ಕೇಳಿದರು. ಮಶೂದನಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಅಡಿಕೆ ನಿರ್ದೋಷಿ, ಹುಳಿಯೇ ಅಪರಾಧಿ ಎಂದು ಆಗಿಂದಾಗಲೇ ಸಾರಿದ. ಸಾಂಬಾರಿಗೆ ಹುಣಸೆ ಕಡಿಮೆ ಮಾಡಬೇಕೆಂದು ಉಪ್ಪಿನಂಗಡಿಯಿಂದ ಒಬ್ಬರು ಬರೆದೂ ಬರೆದರು.

ಟೋಮಿ ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದ. ಒಂದು ಕಾಲಿಗೆ ಹಾಕಿಯಾಗಿತ್ತು.

ಪದ್ಮಯ್ಯ ಕುರ್ಚಿಯಲ್ಲಿ ಎದ್ದು ಕೂತ. "ಟೋಮಿ, ನಿಲ್ಲು. ನಾನು ಅಡಿಕೆ ತಿನ್ನುದಿಲ್ಲ. ಯಾವತ್ತೂ ತಿಂದವ ಅಲ್ಲ. ಅದು ಪುನರ್ಪುಳಿ."

ಇಷ್ಟು ವರ್ಷ ಹೊತ್ತ ಗುಟ್ಟನ್ನು ಇಳಿಸಿದರೆ ಭೂಮಿ ಬಿರಿಯುತ್ತದೆ ಎಂದು ಅವನು ನಂಬಿದ್ದ. ಭೂಮಿ ಬಿರಿಯಲಿಲ್ಲ, ಮಶೂದ್ ನಕ್ಕ. ಹಾಗಾದರೆ ಸರಿ ಎಂದು ಡಾಕ್ಟರು ಹೇಳಿದ್ದು ಆ ನಗುವಿನಲ್ಲಿ ಮುಳುಗಿತು. ಪದ್ಮಯ್ಯಣ್ಣನಿಗೆ ದೀಪದ ಬಿಸಿಗೆ ತಲೆ ತಿರುಗಿದೆ, ಇವರ ಕೆಂಪು ಉಗುಳು ನನ್ನ ಅಂಗಡಿಯ ಗೋಡೆಯಲ್ಲಿ ಈಗಲೂ ಉಂಟು ಎಂದು ಗುಂಪಿಗೆ ಸಮಜಾಯಿಷಿ ಕೊಟ್ಟ. ಹೌದು, ತಿನ್ನುವುದಿಲ್ಲ ಎಂದು ಪೂವಮ್ಮ ಹೇಳಿದಳು. ಗಂಡನ ಕಡೆಗೆ ಹೆಂಡತಿ ಹೇಳುವ ಸಾಕ್ಷಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಟೋಮಿಗೆ ಮಾತ್ರ ಸಿಟ್ಟು ಬರಲಿಲ್ಲ. ಅವನು ಕರುಣೆಯಿಂದ ಸ್ನೇಹಿತನನ್ನು ನೋಡಿದ.

"ಲೀಲಾಮ್ಮ ಬಂದು ಕಣ್ಣೀರು ಹಾಕಿ ಕೂಗಿರ್ಬೇಕು ನಿನ್ನ ಹತ್ರ," ಎಂದ. "ಅವಳಿಗೋಸ್ಕರ ನೀನು ನಿನ್ನ ಮಾನ ತೆಗೀಬೇಡ ಮಾರಾಯ. ನಿನ್ನ ಎದುರು ಕೂತು ಜಗಿದವ ನಾನು, ನನಗೆ ಗೊತ್ತಿಲ್ವಾ?"

ಹೇಳಿ ಇನ್ನೊಂದು ಕಾಲನ್ನು ಚಪ್ಪಲಿಗೆ ತೂರಿಸಿದ. ಸುಳ್ಳು ಹೇಳಿದಾಗ ಒಂದು ಸಭೆಯೇ ಎದ್ದು ನಿಂತಿತ್ತು, ನಿಜ ಹೇಳಿದರೆ ಎದುರಿಗಿದ್ದ ಒಬ್ಬ ಸ್ನೇಹಿತನೂ ನಂಬುವುದಿಲ್ಲ. ಪದ್ಮಯ್ಯ ಕುರ್ಚಿಯಿಂದ ಇಳಿದು ಟೋಮಿಯ ಸೊಂಟದಲ್ಲಿದ್ದ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿದ. ಟೋಮಿ ತಡೆಯಲಿಲ್ಲ. ಸ್ನೇಹಿತರ ಚೀಲ ಬೇರೆ ಬೇರೆ ಅಲ್ಲ. ಪದ್ಮಯ್ಯ ಒಂದು ಇಡೀ ಹೋಳು ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಬಾಯಿಗೆ ಹಾಕಿದ. ಪೂವಮ್ಮ ಬೇಡ ಬೇಡ ಎನ್ನುತ್ತ ಓಡಿ ಬಂದಳು. ನನ್ನ ಕ್ಲಿನಿಕ್ಕಿನಲ್ಲಿ ಅದನ್ನು ತಿನ್ನಬಾರದು, ಉಗುಳಿ ಎಂದು ಡಾಕ್ಟರು ಗದರಿದರು. ಪದ್ಮಯ್ಯ ಉಗುಳಲಿಲ್ಲ, ಟೋಮಿಯ ಕಣ್ಣಿನಿಂದ ಕಣ್ಣು ತೆಗೆಯದೆ ಕಟಕಟ ಜಗಿದ.

ಮೊದಲು ಏನೂ ಆಗಲಿಲ್ಲ. ಎಷ್ಟು ಚಂದ ಜಗಿಯುತ್ತಾರೆ ನೋಡಿ ಎಂದು ಮಶೂದ್ ಫೋನನ್ನು ಹತ್ತಿರ ತಂದ. ಆಮೇಲೆ ಪದ್ಮಯ್ಯನ ಕಿವಿ ಕೆಂಪಾಯಿತು. ಹಣೆಯಲ್ಲಿ ಬೆವರು ಹನಿಗೂಡಿತು, ಗಲ್ಲದಿಂದ ಅಂಗಿಗೆ ಇಳಿಯಿತು. ಅವನು ಕೈ ಚಾಚಿ ಟೋಮಿಯ ತೋಳು ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದ. ಕಣ್ಣು ಮೇಲಾಯಿತು. ಕಡಿದ ಬಾಳೆಯ ಹಾಗೆ ಟೋಮಿಯ ಎದೆಯ ಮೇಲೆ ಒರಗಿ ನೆಲಕ್ಕೆ ಜಾರಿದ.

ಡಾಕ್ಟರು ಬಾಯಿಗೆ ಬೆರಳು ಹಾಕಿ ಅಡಿಕೆಯನ್ನೆಲ್ಲ ಹೊರಗೆ ತೆಗೆದು, ಕಾಲು ಮೇಲೆ ಎತ್ತಿಸಿ, ನಾಡಿ ಹಿಡಿದರು. ಪೂವಮ್ಮ ಸಕ್ಕರೆ ನೀರು ಕೇಳಿದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಕ್ಕರೆ ಎಲ್ಲಿಂದ ಬರಬೇಕು, ಮಶೂದ್ ಫೋನನ್ನು ಬೆಂಚಿನ ಮೇಲೆ ಎಸೆದು ಕೆಳಗಿನ ಹೋಟೆಲಿಗೆ ಓಡಿದ. ಫೋನು ಮಾತ್ರ ಬಿದ್ದಲ್ಲಿಂದಲೇ ಪದ್ಮಯ್ಯನ ಎರಡು ಪಾದಗಳನ್ನು ಪ್ರಸಾರ ಮಾಡುತ್ತಿತ್ತು. ಗುಂಪಿನಲ್ಲಿ ಒಬ್ಬರು ಓಂ ಶಾಂತಿ ಎಂದು ಬರೆದರು. ಅದನ್ನು ನೋಡಿ ಉಳಿದವರೂ ಬರೆದರು. ಅಪರೂಪದ ಹೋರಾಟಗಾರ ಎಂದು ಒಬ್ಬರು, ಅಂತ್ಯಕ್ರಿಯೆ ಎಷ್ಟು ಗಂಟೆಗೆ ಎಂದು ಇನ್ನೊಬ್ಬರು. ಪೂವಮ್ಮನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಗುತ್ತಿಗಾರಿನಲ್ಲಿ ಇದ್ದ ಅವಳ ತಮ್ಮ ಹಾರ ಹಿಡಿದುಕೊಂಡೇ ಜೀಪು ಹತ್ತಿದ್ದನೆಂದು ಆಮೇಲೆ ಗೊತ್ತಾಯಿತು.

"ಇವರಿಗೆ ಸೊಕ್ಕಿದ್ದು," ಎಂದಳು ಪೂವಮ್ಮ, ಗಂಡನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಟೋಮಿಗೆ. "ಒಂದು ಹೋಳಿಗೆ ಹೀಗಾಗ್ತದೆ. ಇವರು ನಲವತ್ತು ವರ್ಷ ತಿಂದ್ರೆ ನಾನು ಯಾವಾಗಲೋ ವಿಧವೆ ಆಗ್ತಿದ್ದೆ."

ಟೋಮಿ ಅಲ್ಲಾಡದೆ ನಿಂತಿದ್ದ. ಅಂಗಿಯ ಎದೆಯಲ್ಲಿ ಪದ್ಮಯ್ಯನ ಬೆವರು ಒದ್ದೆಯಾಗಿ ಅಂಟಿತ್ತು. ಅವನು ಚಪ್ಪಲಿ ಬಿಟ್ಟ. ಯಾರನ್ನೂ ನೋಡದೆ ನಡೆದು ಬಂದು ಕುರ್ಚಿ ಹತ್ತಿ ಮಲಗಿದ.

ಪದ್ಮಯ್ಯ ಕಣ್ಣು ಬಿಡುವಾಗ ಡಾಕ್ಟರು ಟೋಮಿಯ ಬಾಯಿಯ ಎದುರು ಬಗ್ಗಿದ್ದರು. ಕನ್ನಡಿ ಹೋಗಲು ಜಾಗ ಸಾಲುತ್ತಿರಲಿಲ್ಲ. ಬೆರಳನ್ನು ಕೆನ್ನೆಯ ಒಳಗೆ ಆಡಿಸಿ, ಹಗ್ಗದ ಹಾಗೆ ಬಿಗಿದಿದೆ ಎಂದರು. ಇದು ಅಡಿಕೆಯಿಂದಲೇ ಬರುವುದು, ಇವತ್ತಿನಿಂದ ಒಂದು ಹೋಳೂ ಬಾಯಿಗೆ ಹೋಗಬಾರದು, ಒಳಗೊಂದು ಬಿಳಿ ಕಲೆ ಉಂಟು, ಅದರ ಚೂರು ತೆಗೆದು ಮಂಗಳೂರಿಗೆ ಕಳಿಸಿ ನೋಡಲೇಬೇಕು, ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಲೀಲಾಮ್ಮ ಗೋಡೆ ಹಿಡಿದು ಕೂತಳು. ಟೋಮಿ ಮೇಲಿನ ಮಾಡನ್ನೇ ನೋಡುತ್ತಿದ್ದ. ಪದ್ಮಯ್ಯ ನೆಲದಿಂದ ಕೈ ಚಾಚಿ ಅವನ ಕಾಲು ಮುಟ್ಟಿದ. ಟೋಮಿ ಕಾಲನ್ನು ಎಳೆದುಕೊಂಡ.

ಮಂಗಳೂರಿನಿಂದ ಉತ್ತರ ಬರುವವರೆಗೆ ಆ ಎರಡು ಮನೆಗಳಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಬಂದ ಉತ್ತರ ಒಳ್ಳೆಯದೇ ಆಗಿತ್ತು, ಕ್ಯಾನ್ಸರಿಗೆ ತಿರುಗಿರಲಿಲ್ಲ. ಪದ್ಮಯ್ಯನನ್ನು ಏನು ಮಾಡುವುದೆಂದು ವೇದಿಕೆಗೆ ದೊಡ್ಡ ಗೊಂದಲವಾಯಿತು. ಅಡಿಕೆ ತಿನ್ನದವನನ್ನು ಹೊರಗೆ ಹಾಕಬೇಕೆಂದು ಕೆಲವರು ಹೇಳಿದರು. ವಾರ ಕಳೆಯುವುದರೊಳಗೆ ಅವರಲ್ಲೇ ಮೂರ್ನಾಲ್ಕು ಮಂದಿ ಟವೆಲಿನಿಂದ ಮುಖ ಮುಚ್ಚಿಕೊಂಡು ಕಡಬದ ಆ ಮಾಳಿಗೆ ಹತ್ತುವುದನ್ನು ಮಶೂದ್ ಕಂಡ. ಅವನು ಕಂಡದ್ದು ಕ್ಲಿನಿಕ್ಕಿನ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತ ಕೂತಿದ್ದಾಗ.

ಟೋಮಿಯ ಚಿಕಿತ್ಸೆ ಶುರುವಾಯಿತು. ಕೆನ್ನೆಗೆ ಸೂಜಿಮದ್ದು, ಜೊತೆಗೆ ಮನೆಯಲ್ಲಿ ಮಾಡುವ ಒಂದು ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಕಟ್ಟು ಮಾಡಿ ಹಲ್ಲುಗಳ ನಡುವೆ ತೂರಿಸಿ ಹಿಡಿದುಕೊಳ್ಳುವುದು, ಬಾಯಿ ಸಡಿಲವಾದ ಹಾಗೆ ಕಡ್ಡಿ ಹೆಚ್ಚಿಸುತ್ತ ಹೋಗುವುದು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪದ್ಮಯ್ಯ ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ಅವನ ಎದುರು ಕುರ್ಚಿ ಹಾಕಿ ಕೂತ. ಟೋಮಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಆ ಶನಿವಾರದಿಂದ ಅವನು ಪದ್ಮಯ್ಯನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಮಾತು ಬರುವುದಿಲ್ಲ ಎಂದಲ್ಲ, ಲೀಲಾಮ್ಮನ ಹತ್ತಿರ ಹಲ್ಲಿನ ಸಂದಿಯಿಂದ ಮಾತಾಡುತ್ತಲೇ ಇದ್ದ. ಪದ್ಮಯ್ಯ ತಾನೂ ಒಂದು ಕಟ್ಟು ಕಡ್ಡಿ ಬಾಯಿಗೆ ತೂರಿಸಿಕೊಂಡು ಎದುರಿಗೆ ಕೂರತೊಡಗಿದ. ಇಬ್ಬರು ಮುದುಕರು ಬಾಯಿ ತೆರೆದುಕೊಂಡು ಪರಸ್ಪರ ನೋಡುತ್ತ ಕೂರುವುದನ್ನು ನೋಡಲು ಆಚೀಚಿನ ರಬ್ಬರ್ ಟ್ಯಾಪಿಂಗಿನವರು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಟೋಮಿ ಬಯ್ಯಲಿ ಎಂದು ಪದ್ಮಯ್ಯ ಕಾದ. ಎರಡು ಹೊಡೆದರೂ ಆಗಬಹುದಿತ್ತು. ಈ ಸುಮ್ಮನಿರುವುದನ್ನು ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಪೂವಮ್ಮನ ಹತ್ತಿರ ಹೇಳಿಕೊಂಡು ಅತ್ತದ್ದೂ ಉಂಟು.

ಕೆಲವು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಪೂರ್ತಿ ಪರೀಕ್ಷೆ. ಕಡಬದ ಅದೇ ಕೋಣೆ, ಈ ಸಲ ಫೋನು ಇಲ್ಲ. ಟೋಮಿ ಮಲಗಿದ. ಡಾಕ್ಟರು ಕುತ್ತಿಗೆ ಒತ್ತಿದರು, ದವಡೆ ಹಿಡಿದು ನೋಡಿದರು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಬೆರಳು ಹಾಕಲು ಹೇಳಿದರು. ಟೋಮಿ ಕಣ್ಣು ಮುಚ್ಚಿ ಬಾಯಿ ತೆರೆದ. ಒಂದು ಹೋಯಿತು. ಎರಡು ಹೋದವು. ಮೂರನೆಯದು ಅರ್ಧ ಹೋಗಿ ನಿಂತಿತು. ಡಾಕ್ಟರು ನಕ್ಕರು, ಇಷ್ಟು ಬರುತ್ತದೆ ಎಂದು ನಾನೂ ನೆನೆಸಿರಲಿಲ್ಲ ಎಂದರು.

ಟೋಮಿ ಬೆರಳು ತೆಗೆದ. ದವಡೆಯನ್ನು ಆಚೆ ಈಚೆ ಆಡಿಸಿದ. ಮೆಲ್ಲಗೆ ತಲೆ ತಿರುಗಿಸಿ ಬಾಗಿಲ ಹತ್ತಿರ ಗೋಡೆಗೆ ಅಂಟಿ ನಿಂತಿದ್ದ ಪದ್ಮಯ್ಯನನ್ನು ನೋಡಿದ.

"ಎಡಾ ಕಳ್ಳ ಪದ್ಮಯ್ಯಾ," ಎಂದ.

ಶುರುವಾದದ್ದು ನಿಲ್ಲಲಿಲ್ಲ. ಮಲಯಾಳದಲ್ಲಿ ಬೈದ, ತುಳುವಿನಲ್ಲಿ ಬೈದ, ಎರಡೂ ಸಾಲದೆ ಕನ್ನಡಕ್ಕೆ ಬಂದ. ಎದುರು ಕೂತು ಹುಳಿ ಚೀಪಿ ನನ್ನನ್ನು ಕೊಲ್ಲಲು ಹೊರಟವ ಎಂದ, ಒಂದು ಮಾತು ಹೇಳಿದ್ದರೆ ನಾನೇನು ನಗುತ್ತಿದ್ದೆನಾ ಎಂದ, ಅದೇ ಉಸಿರಿನಲ್ಲಿ, ಮುದುಕ, ಆ ದಿನ ಅಡಿಕೆ ತಿಂದು ನೀನು ಸತ್ತೇ ಹೋಗಿದ್ದರೆ ನಾನು ಎಂತ ಮಾಡಬೇಕಿತ್ತು ಎಂದ. ಅವನ ಸ್ವರ ಕೆಳಗಿನ ಹೋಟೆಲಿಗೂ ಕೇಳಿ ಅಲ್ಲಿ ದೋಸೆ ತಿನ್ನುವವರು ಮೇಲೆ ನೋಡಿದರು. ಲೀಲಾಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಡಾಕ್ಟರು ನಿಲ್ಲಿಸಲು ಹೋಗಲಿಲ್ಲ, ದೀಪವನ್ನು ಮೆಲ್ಲಗೆ ತಿರುಗಿಸಿ ಬೈಯುತ್ತಿದ್ದ ಬಾಯಿಯ ಮೇಲೆ ಬಿಟ್ಟರು.

ಪದ್ಮಯ್ಯನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಹತ್ತಿರ ಬಂದು ಕುರ್ಚಿಯ ಕೈ ಹಿಡಿದುಕೊಂಡ.

"ಇನ್ನೂ ಸ್ವಲ್ಪ ದೊಡ್ಡದಾಗಿ ಬೈ ಮಾರಾಯ," ಎಂದ. "ಡಾಕ್ಟ್ರು ನೋಡ್ತಾ ಇದ್ದಾರೆ."